ಅಣು ಅವಘಡ: ಎಷ್ಟು ದೊಡ್ಡದೆಂದು ಹೇಳುವುದು?

ಚಳ್ಳಕೆರೆಯ ಎಣ್ಣೆ ಗಿರಣಿಗೆ ಶೇಂಗಾ ತಂದ ರೈತ ತೂಕದ ಮುಳ್ಳಿನ ಮೇಲಿಟ್ಟ ಕಣ್ಣು ತೆಗೆಯುವುದಿಲ್ಲ. ಅಣು ಅವಘಡದ ಸುದ್ದಿ ಕೇಳುವಾಗಲೂ ಅದೇ ಎಚ್ಚರ ಬೇಕು. ಉಳ್ಳಾರ್ತಿ ಕಾವಲಿನಲ್ಲಿ ಯುರೇನಿಯಂ ಸಂವರ್ಧನೆಗೆಂದು ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ ಕೊಟ್ಟ ಮೇಲೆ, ‘ಇಲ್ಲೂ ಚೆರ್ನೋಬಿಲ್ ಆದೀತೆ?’ ಎಂಬ ಪ್ರಶ್ನೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಏಳುವುದು ಸಹಜ.

ದುರಂತ, ಅವಘಡ, ಸೋರಿಕೆ ಎಂಬ ಮಾತುಗಳನ್ನು ಪತ್ರಿಕೆಗಳು ಒಂದೇ ಉಸಿರಿನಲ್ಲಿ ಬಳಸಿಬಿಡುತ್ತವೆ. ಈ ಗೊಂದಲ ತಪ್ಪಿಸಲೆಂದೇ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1990ರಲ್ಲಿ ಒಂದು ಮಾಪಕವನ್ನು ಬಳಕೆಗೆ ತಂದಿತು. ಅದರಲ್ಲಿ 1ರಿಂದ 3ರವರೆಗಿನದು ‘ಘಟನೆ’, 4ರಿಂದ 7ರವರೆಗಿನದು ‘ಅಪಘಾತ’. ಒಂದೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಸುಮಾರು ಹತ್ತು ಪಟ್ಟು ಗಂಭೀರ. 7ರ ಮೆಟ್ಟಿಲು ಮುಟ್ಟಿದವು ಎರಡೇ: 1986ರ ಚೆರ್ನೋಬಿಲ್, 2011ರ ಫುಕುಶಿಮಾ.

ಆದರೆ ಫುಕುಶಿಮಾಕ್ಕೆ ಮೊದಲು ಸಿಕ್ಕಿದ್ದು 4. ಮಾರ್ಚ್ 18ಕ್ಕೆ ಅದು 5 ಆಯಿತು, ಏಪ್ರಿಲ್ 12ಕ್ಕೆ 7. ಅಷ್ಟರಲ್ಲಿ ಸುತ್ತಲಿನ ಜನ ಊರು ಬಿಟ್ಟು ತಿಂಗಳಾಗಿತ್ತು. ಮೊದಲ ದಿನದ ಅಂಕಿ ಅಂದಾಜು ಮಾತ್ರ.

ಚಿಕ್ಕ ಅಂಕಿಯನ್ನೂ ಹಗುರಾಗಿ ಕಾಣುವಂತಿಲ್ಲ. ಉತ್ತರ ಪ್ರದೇಶದ ನರೋರಾದಲ್ಲಿ 1993ರ ಮಾರ್ಚ್ 31ರಂದು ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿ, ಸ್ಥಾವರದ ವಿದ್ಯುತ್ತೆಲ್ಲ ಹೋಯಿತು. ಸಿಬ್ಬಂದಿ ಟಾರ್ಚ್ ಹಿಡಿದು ಮೇಲೆ ಹತ್ತಿ ಕೈಯಿಂದಲೇ ಕವಾಟ ತೆರೆಯಬೇಕಾಯಿತು. ವಿಕಿರಣ ಸೋರಲಿಲ್ಲ. ಆದರೂ ಅದು 3ನೇ ಮಟ್ಟದ್ದೆನಿಸಿತು. ಕಾರಣ, ರಕ್ಷಣೆಯ ಪದರಗಳು ಒಂದೊಂದಾಗಿ ಕಳಚಿದ್ದವು.

ನಮ್ಮ ರಾಜ್ಯದ ಕೈಗಾದಲ್ಲಿ 1994ರ ಮೇ 13ರಂದು, ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕಳಚಿಬಿತ್ತು. ಇಂಧನ ಇನ್ನೂ ತುಂಬಿರಲಿಲ್ಲ, ಹಾಗಾಗಿ ವಿಕಿರಣದ ಮಾತೇ ಇರಲಿಲ್ಲ. ಅದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರೀಷಿಯಂ ಸೇರಿತ್ತು. ತಿಳಿದದ್ದು ಕಾರ್ಮಿಕರ ಮೂತ್ರ ಪರೀಕ್ಷೆಯಿಂದ. ಸದ್ದು ಮಾಡಿ ಬಿದ್ದ ಗುಮ್ಮಟದಲ್ಲಿ ವಿಕಿರಣವಿರಲಿಲ್ಲ, ಸದ್ದಿಲ್ಲದ ನೀರಿನಲ್ಲಿತ್ತು.

ಇನ್ನು ಉಳ್ಳಾರ್ತಿಯ ಮಾತು. ಸಂವರ್ಧನಾ ಘಟಕ ರಿಯಾಕ್ಟರಲ್ಲ. ಚೆರ್ನೋಬಿಲ್‌ನ ಬಗೆಯ ಸ್ಫೋಟಕ್ಕೆ ಅಲ್ಲಿ ಎಡೆಯಿಲ್ಲ. ಹಾಗೆಂದು ಏನೂ ಆಗದೆಂದಲ್ಲ. ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ಬಳಸುವುದು ಯುರೇನಿಯಂ ಹೆಕ್ಸಾಫ್ಲೋರೈಡ್. ಗಾಳಿಯ ತೇವಕ್ಕೆ ತಾಗಿದರೆ ಅದು ಹೈಡ್ರೋಜನ್ ಫ್ಲೋರೈಡ್ ಆಗಿ ಶ್ವಾಸಕೋಶವನ್ನೇ ಸುಡುತ್ತದೆ. 1986ರ ಜನವರಿ 4ರಂದು ಅಮೆರಿಕದ ಒಕ್ಲಹೋಮಾದಲ್ಲಿ, ಈ ವಸ್ತುವನ್ನು ಅತಿಯಾಗಿ ತುಂಬಿದ್ದ ಸಿಲಿಂಡರ್ ಒಡೆದು ಒಬ್ಬ ಕೆಲಸಗಾರ ಸತ್ತ. ಕೊಂದದ್ದು ವಿಕಿರಣವಲ್ಲ, ಆಮ್ಲದ ಹೊಗೆ. ಉಳ್ಳಾರ್ತಿಗೆ ಹೋಲಿಕೆ ಬೇಕಾದರೆ ಚೆರ್ನೋಬಿಲ್‌ಗಿಂತ ಇದೇ ಹತ್ತಿರದ್ದು. ಜಗತ್ತಿನ ಗಮನ ಸೆಳೆಯದಷ್ಟು ಚಿಕ್ಕದು, ಪಕ್ಕದ ಊರಿಗೆ ಮಾತ್ರ ದೊಡ್ಡದು.

ಕಾವಲಿನಂಚಿನಲ್ಲಿ ಕುರಿ ಮೇಯಿಸುವವನಿಗೆ ಮಾಪಕದ ಅಂಕಿ ಮರುದಿನ ಬಂದರೂ ನಡೆದೀತು. ಗಾಳಿ ಯಾವ ಕಡೆ ಬೀಸುತ್ತಿದೆ, ಹಿಂಡನ್ನು ಎತ್ತ ಹೊಡೆಯಬೇಕು, ಎಷ್ಟು ಹೊತ್ತು ಬಾಗಿಲು ಹಾಕಿಕೊಂಡಿರಬೇಕು, ಅದನ್ನು ಕನ್ನಡದಲ್ಲಿ ಕೂಗಿ ಹೇಳುವವರು ಯಾರು ಎಂಬುದು ಮಾತ್ರ ಅವನಿಗೆ ಮೊದಲೇ ಗೊತ್ತಿರಬೇಕು.