ತಾಳವಿಲ್ಲದ ಮೇಳಕ್ಕೆ ಯಾರು ಬೇಕಾದರೂ ಬನ್ನಿ



1920ರ ಮಾರ್ಚ್ 8. ಪ್ಯಾರಿಸ್‌ನ ಒಂದು ಕಲಾ ಗ್ಯಾಲರಿಯಲ್ಲಿ ನಾಟಕಕ್ಕೆ ವಿರಾಮ ಕೊಟ್ಟಿದ್ದರು. ಸಂಗೀತಕಾರ ಎರಿಕ್ ಸಾಟಿ ವಾದ್ಯದವರನ್ನು ಸಭಾಂಗಣದ ಬೇರೆ ಬೇರೆ ಮೂಲೆಗಳಲ್ಲಿ ಕೂರಿಸಿ, ಚಿಕ್ಕ ತುಣುಕುಗಳನ್ನು ಮತ್ತೆ ಮತ್ತೆ ನುಡಿಸಲು ಹೇಳಿದ್ದ. ಮೇಜು, ಕುರ್ಚಿ ಇರುವ ಹಾಗೆ ಸಂಗೀತವೂ ಕೋಣೆಯಲ್ಲಿ ತನ್ನ ಪಾಡಿಗೆ ತಾನಿರಲಿ, ಯಾರೂ ಕಿವಿಗೊಡಬೇಕಾಗಿಲ್ಲ ಎಂಬುದು ಅವನ ಎಣಿಕೆ. ಆದರೆ ವಾದ್ಯ ಶುರುವಾದದ್ದೇ ತಡ, ಜನ ಮಾತು ನಿಲ್ಲಿಸಿ ಗಂಭೀರವಾಗಿ ಕೇಳತೊಡಗಿದರು. ಸಾಟಿ ಕಂಗಾಲಾಗಿ, ಮಾತಾಡಿ, ಓಡಾಡಿ, ಕೇಳಬೇಡಿ ಎಂದು ಅವರ ನಡುವೆ ಕೂಗಾಡಿದನಂತೆ. ಕಛೇರಿಯ ಶಿಸ್ತು ಕಲಿತ ಜನ ಅಷ್ಟು ಸುಲಭವಾಗಿ ಕೆಡುವುದಿಲ್ಲ!

ಇವತ್ತು ಆಂಬಿಯೆಂಟ್ ಎಂದು ಕರೆಯುವ ಸಂಗೀತದ ಪೂರ್ವಜರಲ್ಲಿ ಸಾಟಿಯೂ ಒಬ್ಬ. ದೀರ್ಘವಾಗಿ ನಿಲ್ಲುವ ಶ್ರುತಿಗಳು, ತಾಳದ ಬಿಗಿಯಿಲ್ಲ, ಇಲ್ಲಿಂದ ಶುರು ಇಲ್ಲಿಗೆ ಮುಕ್ತಾಯ ಎಂಬ ಗೆರೆಯೂ ಇಲ್ಲ. ಇಂಥ ಸಂಗೀತವನ್ನು ಕೂತಲ್ಲೇ ಕಟ್ಟುತ್ತಾ ನುಡಿಸುವ, ಯಾರು ಬೇಕಾದರೂ ಸೇರಬಹುದಾದ ಗುಂಪುಗಳು ಪಶ್ಚಿಮದ ಊರುಗಳಲ್ಲಿವೆ. ಸೇರಲು ಪರೀಕ್ಷೆಯಿಲ್ಲ. ಕಲಿತವರು, ಕಲಿಯದವರು, ಗಾಲಿಕುರ್ಚಿಯಲ್ಲಿ ಬಂದವರು, ಮಾತು ಬಾರದವರು ಒಟ್ಟಿಗೆ ಕೂರುತ್ತಾರೆ. ನೋಡಿದವರು ಇದನ್ನು ಸಮಾಜಸೇವೆ ಎಂದುಕೊಳ್ಳುವುದೇ ಹೆಚ್ಚು. ಪಂಡಿತರು ಸಂಗೀತ ಕಟ್ಟಿದರು, ಆಮೇಲೆ ಕರುಣೆಯಿಂದ ಉಳಿದವರಿಗೂ ಬಾಗಿಲು ತೆರೆದರು ಎಂಬ ಲೆಕ್ಕ. ಆ ಲೆಕ್ಕ ತಪ್ಪು. ಈ ಸಂಗೀತ ಹೆಸರು ಪಡೆಯುವ ಮೊದಲೇ ಬಾಗಿಲು ತೆರೆದಿತ್ತು.

1969ರಲ್ಲಿ ಲಂಡನ್ನಿನ ಸಂಗೀತಕಾರರಾದ ಕಾರ್ನೀಲಿಯಸ್ ಕಾರ್ಡ್ಯೂ, ಮೈಕಲ್ ಪಾರ್ಸನ್ಸ್ ಮತ್ತು ಹೊವರ್ಡ್ ಸ್ಕೆಂಪ್ಟನ್ ಸೇರಿ ಸ್ಕ್ರ್ಯಾಚ್ ಆರ್ಕೆಸ್ಟ್ರಾ ಎಂಬ ಬಳಗ ಕಟ್ಟಿದರು. ಅದು ಮೊಳೆತದ್ದು ವಯಸ್ಕರು ಬಿಡುವಿನಲ್ಲಿ ಕಲಿಯಲು ಬರುವ ಮಾರ್ಲಿ ಕಾಲೇಜಿನ ತರಗತಿಯಲ್ಲಿ. ಸ್ವರಲಿಪಿ ಓದಬಲ್ಲವರ ಜೊತೆಗೆ ಅದರ ಗಂಧವೂ ಇಲ್ಲದವರು ಅಲ್ಲಿದ್ದರು. ಕಛೇರಿ ಹೇಗಿರಬೇಕೆಂದು ಗೊತ್ತುಮಾಡುವ ಸರದಿ ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯರಿಂದ ಶುರುವಾಗುತ್ತಿತ್ತು. ನಮ್ಮ ಸಂಗೀತ ಸಭೆಗಳಲ್ಲಿ ಯಾರಾದರೂ ಇದನ್ನು ಸೂಚಿಸಿ ನೋಡಲಿ!

ಆ ಕಾಲದ್ದೇ ಆದ ಕಾರ್ಡ್ಯೂನ 'ದಿ ಗ್ರೇಟ್ ಲರ್ನಿಂಗ್' ಕೃತಿಯ ಏಳನೆಯ ಭಾಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕನ್‌ಫ್ಯೂಷಿಯಸ್ ಪಂಥದ ಗ್ರಂಥವೊಂದರ ಮಾತುಗಳನ್ನು ಹಾಡುವ ಕೃತಿ ಇದು. ಗಾಯನ ಕಲಿತಿರಬೇಕಾಗಿಲ್ಲ. ಮೊದಲ ಸಾಲಿಗೆ ಪ್ರತಿಯೊಬ್ಬರೂ ತಮಗೆ ತೋಚಿದ ಸ್ವರ ಹಿಡಿಯಬೇಕು, ಒಂದು ಉಸಿರು ಇರುವಷ್ಟು ಹೊತ್ತು ಹಾಡಬೇಕು. ಸಾಲನ್ನು ಹೇಳಿರುವಷ್ಟು ಸಲ ಹಾಡಿದ ಮೇಲೆ ಮುಂದಿನ ಸಾಲಿಗೆ ಹೊಸ ಸ್ವರ ಬೇಕು. ಅದು ಆಗ ಬೇರೊಬ್ಬರು ಹಾಡುತ್ತಿರುವ, ನಿಮ್ಮ ಕಿವಿಗೆ ಬಿದ್ದ ಸ್ವರವೇ ಆಗಿರಬೇಕು. ಹಾಗೆ ಯಾವುದೂ ಸಿಗದಿದ್ದರೆ ಮಾತ್ರ ನಿಮ್ಮಿಷ್ಟ. ಆರಂಭದಲ್ಲಿ ಐವತ್ತು ಜನರದ್ದು ಐವತ್ತು ದಾರಿ, ಶುದ್ಧ ಗದ್ದಲ. ಒಬ್ಬರು ಇನ್ನೊಬ್ಬರಿಂದ ಸ್ವರ ಪಡೆಯುತ್ತಾ ಹೋದಂತೆ ಸ್ವರಗಳು ಕಡಿಮೆಯಾಗುತ್ತವೆ, ಗದ್ದಲ ತಿಳಿಯಾಗುತ್ತದೆ. ಕೋಲು ಬೀಸುವ ನಿರ್ದೇಶಕ ಬೇಕಿಲ್ಲ. ಉಸಿರು ಚಿಕ್ಕದಿದ್ದವರು ಬೇಗ ಮುಗಿಸುತ್ತಾರೆ, ಅಷ್ಟೆ. ಅದು ತಪ್ಪಲ್ಲ, ಹಾಡಿನದೇ ಭಾಗ.

1971ರಲ್ಲಿ ಇದು ಧ್ವನಿಮುದ್ರಣವಾದಾಗ ಹಾಡಿದವರಲ್ಲಿ ಬ್ರಯಾನ್ ಈನೋ ಎಂಬ ಯುವಕನಿದ್ದ. ಸ್ವರಲಿಪಿ ಬಾರದ, ತಾನು ಸಂಗೀತಗಾರನೇ ಅಲ್ಲ ಎಂದುಕೊಳ್ಳುತ್ತಿದ್ದವ. ಪೋರ್ಟ್ಸ್‌ಮತ್ ಸಿಂಫೋನಿಯಾ ಎಂಬ, ವಾದ್ಯ ಬಾರದವರೂ ಸೇರಿದ್ದ ಮೇಳದಲ್ಲೂ ಅವನು ಕ್ಲಾರಿನೆಟ್ ಊದಿದ. ಆ ಮೇಳ 1974ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ವರೆಗೂ ಹೋಯಿತು. 1978ರಲ್ಲಿ ವಿಮಾನನಿಲ್ದಾಣಗಳಿಗೆಂದು ಆಲ್ಬಮ್ ಮಾಡಿ, ಅದಕ್ಕೆ ಆಂಬಿಯೆಂಟ್ ಎಂಬ ಮೊಹರು ಒತ್ತಿದವನೂ ಇದೇ ಈನೋ. ಹೆಸರು ಕೊಟ್ಟವನು ಎಲ್ಲಿಂದ ಬಂದ ಎಂಬುದನ್ನು ಜನ ಮರೆತರು. ಕಾರ್ಡ್ಯೂನ ಬಳಗವಾದರೋ ರಾಜಕೀಯದ ಜಗಳದಲ್ಲಿ ಕೆಲವೇ ವರ್ಷಗಳಲ್ಲಿ ಒಡೆಯಿತು.

ಅತ್ತ ಕ್ಯಾಲಿಫೋರ್ನಿಯಾದಲ್ಲಿ ಅಕಾರ್ಡಿಯನ್ ವಾದಕಿ ಪಾಲೀನ್ ಒಲಿವೆರೋಸ್ ಬೇರೆ ಹಾದಿ ಹಿಡಿದಿದ್ದರು. 1964ರಲ್ಲಿ ಸಂಗೀತಕಾರ ಟೆರ್ರಿ ರೈಲಿಯ 'ಇನ್ ಸಿ' ಕೃತಿಯ ಮೊದಲ ಪ್ರದರ್ಶನದಲ್ಲಿ ನುಡಿಸಿದವರು ಅವರು. ಈ ರೈಲಿ ಮುಂದೆ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯನಾದ. ನಮ್ಮ ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಘರಾಣೆಯೂ ಅದೇ. ಒಂದೊಂದು ಸ್ವರದ ಮೇಲೂ ನಿಂತು ರಾಗವನ್ನು ಸಾವಕಾಶವಾಗಿ ಬೆಳೆಸುವ ಅದರ ಗುಣವನ್ನು ಧಾರವಾಡದ ಕಡೆಯವರಿಗೆ ನಾನು ವಿವರಿಸಬೇಕಿಲ್ಲ.

ಒಲಿವೆರೋಸ್ 1970ರ ದಶಕದ ಆರಂಭದಲ್ಲಿ ಬರೆದ 'ಸಾನಿಕ್ ಮೆಡಿಟೇಷನ್ಸ್'ನಲ್ಲಿ ಸ್ವರಲಿಪಿಯಿಲ್ಲ, ಸರಳ ವಾಕ್ಯಗಳಲ್ಲಿ ಸೂಚನೆಗಳಿವೆ. ವಿಶೇಷ ತರಬೇತಿ ಬೇಕಿಲ್ಲ, ಕಿವಿ ತೆರೆದಿದ್ದರೆ ಸಾಕು. 1988ರಲ್ಲಿ ಅವರು ಇಬ್ಬರು ಗೆಳೆಯರ ಜೊತೆ ವಾಷಿಂಗ್ಟನ್ ರಾಜ್ಯದ ಹಳೆಯ ಸೇನಾನೆಲೆಯೊಂದರ ಬರಿದಾದ ನೆಲದಡಿಯ ನೀರಿನ ತೊಟ್ಟಿಗೆ ಇಳಿದು ನುಡಿಸಿದರು. ಅಲ್ಲಿ ಒಂದು ಸದ್ದು ಆರಲು ಸುಮಾರು 45 ಸೆಕೆಂಡು ಬೇಕು. ಅವಸರ ಮಾಡಿದರೆ ಎಲ್ಲವೂ ಕಲಸಿಹೋಗುತ್ತದೆ. ಒಂದು ಸ್ವರ ಬಿಟ್ಟು, ಅದು ಗೋಡೆ ಸುತ್ತಿ ಬರುವವರೆಗೆ ಕಾಯಬೇಕು. ಎಲ್ಲರೂ ಸೇರಬಹುದಾದ ಗುಂಪುಗಳಿಗೆ ಈ ಸಂಗೀತ ಒಗ್ಗುವ ಗುಟ್ಟು ಇಲ್ಲಿದೆ ಎಂದು ನನಗನಿಸುತ್ತದೆ. ಭಜನೆಯಲ್ಲಿ ತಾಳ ಅರ್ಧ ಮಾತ್ರೆ ತಪ್ಪಿದರೂ ಪಕ್ಕದವರು ತಿರುಗಿ ನೋಡುತ್ತಾರೆ. ದೀರ್ಘ ಗುಂಗಿನ ಸಂಗೀತದಲ್ಲಿ ಕೈ ನಡುಗುವವರು ಎರಡು ಸೆಕೆಂಡು ತಡವಾಗಿ ಗಂಟೆ ಬಾರಿಸಿದರೆ, ತಡ ಎಂದು ಹೇಳಲು ಅಳತೆಗೋಲೇ ಇಲ್ಲ. ಈಗ ತೊಟ್ಟಿ ಬೇಕಿಲ್ಲ, ಅಂಥದೇ ಗುಂಗು ಕೊಡುವ ರಿವರ್ಬ್ ಪೆಡಲ್ ಸಾಕು.

2007ರ ಹೊತ್ತಿಗೆ ಒಲಿವೆರೋಸ್ ಮತ್ತು ಥೆರಪಿಸ್ಟ್ ಲೀಫ್ ಮಿಲ್ಲರ್ ಜೊತೆಗೂಡಿ ನ್ಯೂಯಾರ್ಕ್ ರಾಜ್ಯದಲ್ಲಿ, ಮೈ ಅಲುಗಿಸುವುದೂ ಕಷ್ಟವಾದ ಮಕ್ಕಳಿಗಾಗಿ ಆಮಿ ಎಂಬ ತಂತ್ರಾಂಶ ರೂಪಿಸಿದರು. ಕಂಪ್ಯೂಟರಿನ ಕ್ಯಾಮೆರಾ ತಲೆಯ ಸಣ್ಣ ಚಲನೆಯನ್ನು ಹಿಡಿದು ಸದ್ದಾಗಿಸುತ್ತದೆ. ಅದು ಉಚಿತವಾಗಿ ಸಿಗುತ್ತದೆ.

ಇಷ್ಟೆಲ್ಲ ಇದ್ದರೂ ಬಾಗಿಲು ತೆರೆದ ಗುಂಪಿಗೆ ಒಂದು ಹಳೇ ಕಾಯಿಲೆಯಿದೆ. ಯಾರೋ ಒಬ್ಬರು ಆಂಪ್ಲಿಫೈಯರ್ ಏರಿಸಿ ಎಲ್ಲರನ್ನೂ ಮುಳುಗಿಸುತ್ತಾರೆ. ಲಂಡನ್ನಿನ ಡ್ರಮ್ ವಾದಕ ಜಾನ್ ಸ್ಟೀವನ್ಸ್ ಕಾರ್ಯಾಗಾರಗಳಲ್ಲಿ ಮುಂದಿಡುತ್ತಿದ್ದ ನಿಯಮವೇ ಇದಕ್ಕೆ ಈಗಲೂ ಮದ್ದು: ಪಕ್ಕದವರದ್ದು ನಿಮಗೆ ಕೇಳಿಸದಿದ್ದರೆ ನಿಮ್ಮದು ಜೋರಾಯಿತು. ಅವರ ಇನ್ನೊಂದು ಅಭ್ಯಾಸದಲ್ಲಿ ಪ್ರತಿಯೊಬ್ಬರೂ ತಮ್ಮ ವಾದ್ಯದಿಂದ ಆಗುವ ಅತಿ ಕಡಿಮೆ ಹೊತ್ತಿನ ಸದ್ದನ್ನಷ್ಟೇ ಮಾಡಬೇಕು. ಪಳಗಿದವರಿಗೆ ಹೆಚ್ಚು ತ್ರಾಸ ಕೊಡುವುದು ಇದೇ, ಕಲಿತ ಬೆರಳುಗಳಿಗೆ ಸುಮ್ಮನಿರುವುದು ಗೊತ್ತಿಲ್ಲ.

ಆದ್ದರಿಂದ ಇಂಥ ಗುಂಪಿಗೆ ಸೇರುವ ಮನಸ್ಸಿದ್ದರೆ ಯಾವ ವಾದ್ಯ ತರಲಿ ಎಂದು ಚಿಂತಿಸಬೇಡಿ. ಶ್ರುತಿಪೆಟ್ಟಿಗೆ, ಕಂಚಿನ ಬಟ್ಟಲು, ಫೋನು, ಯಾವುದಾದರೂ ಆದೀತು. ಮೊದಲು ಕೇಳಬೇಕಾದದ್ದು ಬೇರೆ. ಕಟ್ಟಡಕ್ಕೆ ಮೆಟ್ಟಿಲೋ ಇಳಿಜಾರೋ? ಸದ್ದು ಹೆಚ್ಚಾದಾಗ ಎದ್ದುಹೋಗಿ ಕೂರಲು ಇನ್ನೊಂದು ಕೋಣೆ ಇದೆಯೇ? ವಾಲ್ಯೂಮ್ ತಗ್ಗಿಸಿ ಎಂದು ಹೊಸಬರು ಹೇಳಿದರೆ ಹಳಬರು ತಗ್ಗಿಸುತ್ತಾರೆಯೇ?