ಬಟವಾಡೆಯ ಸಾಯಂಕಾಲ

(ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾನು ಹುಟ್ಟಿ ಬೆಳೆದದ್ದು ಗೂಡಲೂರು ಕಡೆಯ ಚಹಾ ತೋಟದ ಲೈನು ಮನೆಯಲ್ಲಿ. ಬಟವಾಡೆಯ ಸಾಯಂಕಾಲ ಮಕ್ಕಳಾದ ನಾವು ಬೇಗನೆ ಉಂಡು ಮಲಗಿಬಿಡುತ್ತಿದ್ದೆವು. ನಿದ್ದೆ ಬಂದು ಅಲ್ಲ. ದಾರಿಯ ತಿರುವಿನಲ್ಲಿ ಅಪ್ಪನ ಕೆಮ್ಮು ಕೇಳಿದರೆ ಸಾಕು, ಆ ದಿನ ಎಷ್ಟು ಕುಡಿದಿದ್ದಾನೆಂದು ನಮಗೆ ತಿಳಿಯುತ್ತಿತ್ತು. ಅಮ್ಮ ಒಲೆಯ ಬಳಿ ಕೂತು, ಇವತ್ತು ಯಾವ ಮಾತು ಆಡಬಾರದು ಎಂದು ಎಣಿಸುತ್ತಿದ್ದಳು. ತನ್ನ ಬಾಯಿ ಜೋರಾದದ್ದರಿಂದಲೇ ಗಂಡ ಕುಡಿಯುತ್ತಾನೆಂದು ಸಾಯುವವರೆಗೂ ನಂಬಿದ್ದಳು. ಅತ್ತೆ ಹಾಗೆ ಹೇಳಿದ್ದಳು, ನೆರೆಯವರೂ ಹೇಳಿದ್ದರು. ಸಭೆಯ ಹಿರಿಯರೊಬ್ಬರು, ಇದು ನಿನ್ನ ಶಿಲುಬೆ, ಹೊತ್ತುಕೋ ಅಂದರು.

ಅದು ತಪ್ಪು ಎಂದು ಹೇಳಲಿಕ್ಕೇ ನಾನು ನಿಮ್ಮ ಮುಂದೆ ನಿಂತಿದ್ದೇನೆ. ಹೆಂಡತಿಯ ಮಾತಿನಿಂದ ಜಗಳ ಬಂದೀತು, ಕುಡಿತದ ಚಟ ಬರುವುದಿಲ್ಲ. ದಿನವೂ ಕುಡಿದು ಒಗ್ಗಿದ ಮೈ ತಾನೇ ಅದನ್ನು ಕೇಳುತ್ತದೆ. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಇಳಿದರೆ ನಿಲ್ಲುತ್ತದೆ. ಇದು ರೋಗ.

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತದಿಂದ ದೂರ ಉಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಬೆಳೆದದ್ದು ಹಾಗೆ. ನನಗೆ ಹೆಚ್ಚು ಹಿಡಿಸಿದ್ದು ಬಿಲ್ಲನ ಹೆಂಡತಿ ಲೋಯಿಸಳ ಸಂಗತಿ. ಗಂಡ ಕುಡಿತ ಬಿಟ್ಟಾಗಿತ್ತು. ಒಂದು ದಿನ ಕೂಟಕ್ಕೆ ಹೊತ್ತಾಯಿತು, ಹೊರಡು ಎಂದು ಅವನು ಅಂದದ್ದಕ್ಕೆ ಆಕೆ ಬೂಟು ಎಸೆದಳು! ಅವನು ಗುಣವಾದರೂ ಇಷ್ಟು ವರ್ಷದ ಸಿಟ್ಟು ತನ್ನೊಳಗೇ ಉಳಿದಿದೆ ಎಂದು ಆಗ ಆಕೆಗೆ ಹೊಳೆಯಿತು. 1951ರಲ್ಲಿ ಆಕೆಯೂ ಗೆಳತಿಯೂ ಸೇರಿ ಕುಡುಕರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಕೂಟ ಕಟ್ಟಿದರು.

ಅಕ್ಕಂದಿರೇ, ನಿಮ್ಮ ಸಿಟ್ಟಿಗೂ ಒಂದು ಜಾಗ ಬೇಕು. ಅದು ಮಕ್ಕಳ ಬೆನ್ನಲ್ಲ. ಕೊಳೆಯೆಲೆ ಆರಿಸುತ್ತಾ ಕೂರುವಾಗ ನಂಬಿಕೆಯ ಒಬ್ಬಳ ಹತ್ತಿರ ಹೇಳಿಕೊಳ್ಳಿ. ಗಂಡನ ಸಂಗಡ ಮಾತಾಡುವುದಾದರೆ ಬೆಳಿಗ್ಗೆ, ಅಮಲು ಇಳಿದ ಮೇಲೆ ಆಡಿ. ರಾತ್ರಿ ಆಡಿದ ಮಾತು ಅವನಿಗೆ ನೆನಪೂ ಇರುವುದಿಲ್ಲ. ಈಗ ಸಂಬಳ ಬ್ಯಾಂಕಿಗೆ ಬೀಳುವ ತೋಟಗಳಲ್ಲಿ, ನೀವು ಸೊಪ್ಪು ಕಿತ್ತ ಹಣದ ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ? ಇಲ್ಲಿ ಕೆಲವರು ತಲೆ ತಗ್ಗಿಸಿದ್ದು ಕಾಣುತ್ತಿದೆ.

ಅಣ್ಣಂದಿರಿಗೂ ಒಂದು ಮಾತು. ದಿನವೂ ಕುಡಿಯುವವರು ಹಟ ಹಿಡಿದು ಒಮ್ಮೆಗೇ ನಿಲ್ಲಿಸಬೇಡಿರಿ. ಪ್ರಾರ್ಥನೆ ಮಾಡಿ ಕೋಣೆಯಲ್ಲಿ ಕೂಡಿಹಾಕುವವರನ್ನೂ ನಾನು ಕಂಡಿದ್ದೇನೆ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಕೂಗಾಡಬಹುದು, ಜೀವವೇ ಹೋಗಬಹುದು. ಮೊದಲು ಡಾಕ್ಟರ ಹತ್ತಿರ ಹೋಗಿರಿ, ಪ್ರಾರ್ಥನೆ ಜೊತೆಗಿರಲಿ. ಮನಸ್ಸು ಕುಸಿದವರಿಗೆ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಉಂಟು. 14416ಕ್ಕೆ ಫೋನು ಮಾಡಿದರೆ ಕಾಸು ಬೇಡ, ಕನ್ನಡದಲ್ಲೂ ಮಾತಾಡುತ್ತಾರೆ. ಹೊಡೆತ ಬಿದ್ದರೆ ಮಾತ್ರ ಅದನ್ನು ಶಿಲುಬೆ ಅನ್ನಬೇಡಿ. ಹೆಂಗಸರ ಸಹಾಯಕ್ಕೆ 181 ಇದೆ.

ಅಪ್ಪ ಕುಡಿತ ಬಿಡಲಿಲ್ಲ. ಆದರೆ ಒಂದು ಬಟವಾಡೆಯ ದಿನ ಅಮ್ಮ ಅಡಿಗೆಯ ಪಾತ್ರೆಯನ್ನೇ ಎತ್ತಿಕೊಂಡು ನಮ್ಮನ್ನು ಮೇಲಿನ ಲೈನಿನ ಚಿಕ್ಕಮ್ಮನ ಮನೆಗೆ ಕರೆದೊಯ್ದಳು. ಅಲ್ಲೇ ಉಂಡೆವು. ಚಿಕ್ಕಮ್ಮ ಒಂದು ಪ್ರಶ್ನೆಯನ್ನೂ ಕೇಳದೆ ಚಾಪೆ ಹಾಸಿದಳು. ಆ ರಾತ್ರಿ ಕೆಮ್ಮಿಗೆ ಕಿವಿಗೊಡದೆ ಬೆಳಗಿನವರೆಗೆ ಮಲಗಿದೆವು.