ಕೆಟ್ಟು ನಿಂತ ಲಾರಿ, ಎಳೆಯುವ ಕ್ರೇನು

(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಶಿರಾಡಿ ಘಾಟಿಯ ಹೆಸರು ನೀವು ಕೇಳಿದ್ದೀರಿ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ 75ನೇ ರಾಷ್ಟ್ರೀಯ ಹೆದ್ದಾರಿ ಅಲ್ಲಿ ಇಳಿಯುತ್ತದೆ. ಗ್ಯಾಸ್ ಟ್ಯಾಂಕರು, ದೊಡ್ಡ ದೊಡ್ಡ ಯಂತ್ರ ಹೊತ್ತ ಉದ್ದ ಲಾರಿ ಎಲ್ಲಕ್ಕೂ ಅದೇ ದಾರಿ. ತಿರುವಿನಲ್ಲಿ ಅಂಥದ್ದೊಂದು ಕೆಟ್ಟು ನಿಂತರೆ ಮುಗೀತು. ಅದರ ಹಿಂದೆ ಬಸ್ಸು. ಬಸ್ಸಿನ ಹಿಂದೆ ಆಂಬುಲೆನ್ಸು. ಒಳಗೆ ಹೆರಿಗೆ ನೋವಿನವಳು ಇದ್ದರೂ ದಾರಿ ಇಲ್ಲ.

"ಎಳೆದು ಪಕ್ಕಕ್ಕೆ ಹಾಕ್ರೀ" ಅಂತ ಎಲ್ಲರೂ ಕೂಗ್ತಾರೆ. ಎತ್ತಿನ ಗಾಡಿ ನೂಕಿದ ಹಾಗಲ್ಲ ಅದು. ದೊಡ್ಡ ಲಾರಿಯ ಬ್ರೇಕು ಗಾಳಿಯ ಒತ್ತಡದಿಂದ ನಡೆಯುತ್ತದೆ. ಗಾಳಿ ಸೋರಿದರೆ ಚಕ್ರ ಬಿಗಿದುಕೊಳ್ಳುತ್ತದೆ. ಅದನ್ನು ಬಿಡಿಸದೆ ಎಳೆಯಲು ಆಗದು. ಬಿಡಿಸಿದರೆ ಬ್ರೇಕೇ ಇಲ್ಲ, ಇಳಿಜಾರಿನಲ್ಲಿ ಉರುಳುತ್ತದೆ. ಅದಕ್ಕೇ ಮೊದಲು ಚಕ್ರಕ್ಕೆ ಅಡ್ಡ ಕೊಡಬೇಕು. ಗೇರ್ ಬಾಕ್ಸ್ ಹಾಳಾಗದಂತೆ ಶಾಫ್ಟ್ ಬಿಚ್ಚಬೇಕು. ಭಾರಕ್ಕೆ ತಕ್ಕ ಕ್ರೇನು ಬೇಕು. ಚಿಕ್ಕ ಕ್ರೇನು ತಂದರೆ ಉಕ್ಕಿನ ಹಗ್ಗ ಹರಿದು ಚಾಟಿಯ ಹಾಗೆ ಬೀಸುತ್ತದೆ. ನೋಡೋಕೆ ಅಂತ ಹತ್ತಿರ ಹೋಗಬೇಡಿ. ಮಕ್ಕಳನ್ನಂತೂ ಬಿಡಲೇಬೇಡಿ. ಟ್ಯಾಂಕರು ಬಿದ್ದಿದ್ದರೆ ದೂರ ಓಡಿ. ಇದೇ ಹೆದ್ದಾರಿಯಲ್ಲಿ, ಉಪ್ಪಿನಂಗಡಿಯ ಆಚೆ ಪೆರ್ನೆಯಲ್ಲಿ, 2013ರಲ್ಲಿ ಗ್ಯಾಸ್ ಟ್ಯಾಂಕರು ಉರುಳಿ ಬೆಂಕಿ ಹೊತ್ತಿಕೊಂಡಿತು. ಹಲವರು ಸತ್ತರು.

ಇಂಥ ಗಾಡಿಯನ್ನು ಯಾರು ತೆಗೆಸಬೇಕು? 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇದೆ. 127ನೇ ಕಲಮು ನೋಡಿ. ಗಾಡಿಯನ್ನು 10 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಬಿಟ್ಟು ಹೋಗಿದ್ದರೆ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅದನ್ನು ಎಳೆಸಬಹುದು. ಬಿಟ್ಟುಹೋದ ಇಲ್ಲವೇ ಜಖಂ ಆದ ಗಾಡಿಯಿಂದ ಸಂಚಾರಕ್ಕೆ ಅಪಾಯವಿದ್ದರೆ ಕೂಡಲೇ ತೆಗೆಸಬಹುದು. ಖರ್ಚು ಗಾಡಿಯ ಮಾಲೀಕನದು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಿಮ್ಮಲ್ಲಿ ಕೆಲವರ ಯಜಮಾನರು ಲಾರಿ ಓಡಿಸ್ತಾರೆ. ಮಧ್ಯರಾತ್ರಿ ಫೋನು ಬರುತ್ತದೆ. "ಗಾಡಿ ಕೆಟ್ಟಿದೆ, ಕ್ರೇನಿನವನು ದುಡ್ಡು ಕೇಳ್ತಾ ಇದ್ದಾನೆ, ಕಳಿಸು." ನೀವು ಸಂಘದಿಂದ ಸಾಲ ತೆಗೀತೀರಿ, ಇಲ್ಲ ಓಲೆ ಅಡವಿಡ್ತೀರಿ. ಲಾರಿ ಯಾರದು? ಮಾಲೀಕನದು. 127ನೇ ಕಲಮಿನಲ್ಲಿ ಮಾಲೀಕ ಅಂತಲೇ ಇದೆ. ಆದರೆ ಅದೇ ಕಾಯ್ದೆಯ 201ನೇ ಕಲಮಿನಲ್ಲಿ, ಸರ್ಕಾರದ ಕಡೆಯವರು ಗಾಡಿ ತೆಗೆಸಿದರೆ ಆ ಖರ್ಚನ್ನು ಮಾಲೀಕ "ಅಥವಾ" ಗಾಡಿ ವಹಿಸಿಕೊಂಡವನು ಕೊಡಬೇಕು ಎಂದಿದೆ. ಆ "ಅಥವಾ" ಇದೆ ನೋಡಿ, ಅದು ಡ್ರೈವರನ ಕುತ್ತಿಗೆಗೆ ಬೀಳುತ್ತದೆ. ಮೂರೇ ಅಕ್ಷರ!

ಹಾಗಾಗಿ ಮೊದಲು ಮಾಲೀಕನಿಗೆ ಫೋನು ಮಾಡಿಸಿ. ದುಡ್ಡು ಕೊಡಲೇಬೇಕಾದರೆ ರಸೀದಿ ಕೇಳಿ. ರಸೀದಿಯಲ್ಲಿ ಕ್ರೇನಿನ ನಂಬರು, ತಾರೀಖು, ಎಲ್ಲಿಂದ ಎಲ್ಲಿಗೆ ಎಳೆದರು, ಎಷ್ಟು ರೂಪಾಯಿ ಅಂತ ಇರಲಿ. ನೀವೇ ಓದಿ ನೋಡಿ. ಇನ್ನೊಂದು ಮಾತು. ರಸ್ತೆಗೆ ಅಡ್ಡ ನಿಲ್ಲಿಸಿದರೆ 500 ರೂಪಾಯಿವರೆಗೆ ದಂಡ ಎಂದು 2019ರ ತಿದ್ದುಪಡಿಯಲ್ಲಿ ಬಂತು. ಗಾಡಿ ಇದ್ದಕ್ಕಿದ್ದ ಹಾಗೆ ಕೆಟ್ಟು, ತೆಗೆಸುವ ಕೆಲಸ ನಡೀತಾ ಇದ್ದರೆ ಆ ದಂಡ ಇಲ್ಲ. ಇದನ್ನು ಯಜಮಾನರಿಗೆ ಹೇಳಿ ಕಳಿಸಿ.

ನನ್ನನ್ನು ಕೇಳಿದರೆ, ಎಷ್ಟು ಭಾರದ ಗಾಡಿ ಎಳೆಯಲು ಎಷ್ಟು ದರ ಅಂತ ಪ್ರತಿ ಟೋಲ್ ಗೇಟಿನಲ್ಲೂ ಕನ್ನಡದ ಹಲಗೆ ಹಾಕಬೇಕು. ಕತ್ತಲಲ್ಲಿ, ಕಾಡಿನಲ್ಲಿ ಚೌಕಾಸಿ ಮಾಡೋಕೆ ಯಾರಿಗೆ ಧೈರ್ಯ ಇರುತ್ತೆ?

ಲಾರಿ ಎಳೆದುಕೊಂಡು ಹೋದ ಮೇಲೆ ಕೆಲವೊಮ್ಮೆ ಚಕ್ರಕ್ಕೆ ಇಟ್ಟ ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ರಾತ್ರಿ ಬೈಕಿನವರು ಅದಕ್ಕೆ ಬಡಿದು ಬೀಳ್ತಾರೆ. ಕಂಡರೆ ಕೂಡಲೇ ತಿಳಿಸಿ. ರಾಷ್ಟ್ರೀಯ ಹೆದ್ದಾರಿಗೆ 1033, ಪೊಲೀಸರಿಗೆ 112. "ಎಲ್ಲಿ?" ಅಂತ ಕೇಳ್ತಾರೆ. ಪಕ್ಕದ ಕಿಲೋಮೀಟರ್ ಕಲ್ಲಿನ ಮೇಲಿರುವ ಊರಿನ ಹೆಸರು, ಅಂಕಿ ಓದಿ ಹೇಳಿ.